ಗಮನವೂ ಬಂಡವಾಳವೇ: ಅಂಗಡಿ ಮತ್ತು ಕಾರ್ಖಾನೆಗಳಲ್ಲಿ ಏಕಾಗ್ರತೆಯ ಲೆಕ್ಕಾಚಾರ

ಬೆಳಗಿನ ಹನ್ನೊಂದು ಗಂಟೆ. ಜಿಲ್ಲಾ ಕೇಂದ್ರವೊಂದರ ಪೇಟೆಬೀದಿಯಲ್ಲಿರುವ ಹಾರ್ಡ್‌ವೇರ್ ಅಂಗಡಿಯೊಂದನ್ನು ಊಹಿಸಿಕೊಳ್ಳಬಹುದು. ಮಾಲೀಕರು ಗುತ್ತಿಗೆದಾರರೊಬ್ಬರ ಹೆಸರಿಗೆ ಬಿಲ್ಲು ತಯಾರಿಸುತ್ತಿದ್ದಾರೆ. ಹತ್ತು ಬಗೆಯ ಸರಕಿನಲ್ಲಿ ಆರನ್ನು ನಮೂದಿಸುವಷ್ಟರಲ್ಲಿ ಮೊಬೈಲ್ ಕರೆ ಬರುತ್ತದೆ. ಸಿಮೆಂಟಿನ ಲಾರಿ ಊರ ಹೊರಗೆ ನಿಂತಿದೆ. ಕರೆ ಮುಗಿಯುವ ಮೊದಲೇ ಹಳೆಯ ಗ್ರಾಹಕರೊಬ್ಬರು ಬಂದು ಅರ್ಧ ಇಂಚಿನ ಪೈಪಿನ ದರ ಕೇಳುತ್ತಾರೆ. ಗೋದಾಮಿನಿಂದ ಹುಡುಗ ಬೀಗದ ಕೈ ಕೇಳುತ್ತಾನೆ. ಮೂವರಿಗೂ ಉತ್ತರ ಕೊಟ್ಟು, ಬಿಲ್ಲನ್ನು ಮುಗಿಸಿ, ಸರಕನ್ನು ಕಳುಹಿಸಿ, ಮಾಲೀಕರು ನಿಟ್ಟುಸಿರು ಬಿಡುತ್ತಾರೆ.

ಒಂದು ತಿಂಗಳ ನಂತರ ಗುತ್ತಿಗೆದಾರರಿಂದ ದೂರು ಬರುತ್ತದೆ. ಅವರ ತೆರಿಗೆ ಜಮೆಯ ಪಟ್ಟಿಯಲ್ಲಿ ಆ ಬಿಲ್ಲೇ ಇಲ್ಲ. ಹುಡುಕಿ ನೋಡಿದರೆ, ಗಣಕಯಂತ್ರದ ಪಟ್ಟಿಯಲ್ಲಿ ಅದೇ ಅಕ್ಷರದಿಂದ ಆರಂಭವಾಗುವ ಬೇರೊಬ್ಬ ಗ್ರಾಹಕರ ಖಾತೆಗೆ ಬಿಲ್ಲು ಬಿದ್ದಿದೆ. ಜಿ.ಎಸ್.ಟಿ. ಸಂಖ್ಯೆಯ ಹದಿನೈದು ಅಂಕಾಕ್ಷರಗಳಲ್ಲಿ ಕೊನೆಯದು ತಾಳೆ ನೋಡುವ ಗುರುತಾದ್ದರಿಂದ, ಬೆರಳು ತಪ್ಪಿ ಒಂದು ಅಕ್ಷರ ಬದಲಾದರೆ ಯಂತ್ರ ಸಾಮಾನ್ಯವಾಗಿ ಅದನ್ನು ಹಿಡಿಯುತ್ತದೆ. ಆದರೆ ಒಬ್ಬರ ಬದಲು ಇನ್ನೊಬ್ಬರ ಸರಿಯಾದ ಸಂಖ್ಯೆಯನ್ನೇ ಆರಿಸಿಕೊಂಡರೆ ಯಾವ ಯಂತ್ರವೂ ಎಚ್ಚರಿಸದು. ಮುಂದಿನ ತಿಂಗಳ ವಿವರಪಟ್ಟಿಯಲ್ಲಿ ತಿದ್ದುಪಡಿ ಸಲ್ಲಿಸಬೇಕು. ಅದು ಇತ್ಯರ್ಥವಾಗುವವರೆಗೆ ಗ್ರಾಹಕರು ತೆರಿಗೆಯ ಮೊತ್ತವನ್ನು ತಡೆಹಿಡಿಯುತ್ತಾರೆ. ಆರ್ಥಿಕ ವರ್ಷ ಮುಗಿದ ನಂತರದ ನವೆಂಬರ್ 30 ದಾಟಿತೆಂದರೆ ಆ ದಾರಿಯೂ ಮುಚ್ಚುತ್ತದೆ.

ಈ ನಷ್ಟಕ್ಕೆ ಕಾರಣ ಅಜ್ಞಾನವಲ್ಲ, ಸೋಮಾರಿತನವೂ ಅಲ್ಲ. ಅರೆಕ್ಷಣ ಗಮನ ಕದಲಿದ್ದೇ ಕಾರಣ. ಬಂಡವಾಳ, ದಾಸ್ತಾನು, ಸಾಲ ಇವೆಲ್ಲಕ್ಕೂ ಲೆಕ್ಕವಿಡುವ ವರ್ತಕರು ಗಮನವೆಂಬ ಬಂಡವಾಳಕ್ಕೆ ಮಾತ್ರ ಲೆಕ್ಕವಿಡುವುದಿಲ್ಲ. ಅದು ಎಲ್ಲಿ ಸೋರುತ್ತಿದೆ, ಯಾವ ಸೋರಿಕೆಯನ್ನು ತಡೆಯಬಹುದು ಎಂಬ ಪ್ರಶ್ನೆ ಪ್ರತಿಯೊಬ್ಬ ವರ್ತಕರ ಮತ್ತು ಉದ್ದಿಮೆದಾರರ ಮುಂದಿದೆ.

ಅಡಚಣೆಯೇ ವ್ಯಾಪಾರ

ಏಕಾಗ್ರತೆಯನ್ನು ಕುರಿತ ಸಾಮಾನ್ಯ ಉಪದೇಶಗಳು ಎಲ್ಲರಿಗೂ ಪರಿಚಿತ. ಬಾಗಿಲು ಮುಚ್ಚಿಕೊಳ್ಳಿ, ಮೊಬೈಲ್ ದೂರವಿಡಿ, ಮೌನವಾಗಿ ಒಂದೇ ಕೆಲಸದಲ್ಲಿ ತೊಡಗಿ ಎಂದು ಅವು ಹೇಳುತ್ತವೆ. ವಿದ್ಯಾರ್ಥಿಗೆ, ಲೇಖಕನಿಗೆ, ತಂತ್ರಾಂಶ ಬರೆಯುವವನಿಗೆ ಈ ಮಾತು ಒಪ್ಪಬಹುದು. ಆದರೆ ಅಂಗಡಿಯ ಬಾಗಿಲು ಮುಚ್ಚಿದರೆ ವ್ಯಾಪಾರವೇ ನಿಲ್ಲುತ್ತದೆ. ಮೊಬೈಲ್ ಕರೆಗೆ ಉತ್ತರ ಸಿಗದಿದ್ದರೆ ಗ್ರಾಹಕನು ಪಕ್ಕದ ಅಂಗಡಿಗೆ ಕರೆ ಮಾಡುತ್ತಾನೆ. ವರ್ತಕನ ಪಾಲಿಗೆ ಅಡಚಣೆಯಾಗಿ ಬರುವವನೇ ಅನ್ನದಾತ. ಆದ್ದರಿಂದ ಅಡಚಣೆಯನ್ನು ಇಲ್ಲವಾಗಿಸುವ ಉಪಾಯ ಇಲ್ಲಿ ನಡೆಯದು. ಅಡಚಣೆಯ ನಡುವೆಯೂ ಕೆಲಸ ಕೆಡದಂತೆ ನೋಡಿಕೊಳ್ಳುವ ಉಪಾಯವೇ ಬೇಕು.

ಇದಕ್ಕೆ ಕನ್ನಡಿಗರಿಗೆ ಒಂದು ಸುಂದರ ನಿದರ್ಶನ ಮನೆಯಂಗಳದಲ್ಲೇ ಇದೆ. ಅದು ಅವಧಾನ ಕಲೆ. ಶತಾವಧಾನಿ ಆರ್. ಗಣೇಶ್ ಅವರಿಂದ ಕನ್ನಡನಾಡಿನಲ್ಲಿ ವಿಶೇಷವಾಗಿ ಜನಪ್ರಿಯವಾದ ಅಷ್ಟಾವಧಾನದಲ್ಲಿ ಎಂಟು ಮಂದಿ ಪೃಚ್ಛಕರು ಅವಧಾನಿಯನ್ನು ಸುತ್ತುವರಿಯುತ್ತಾರೆ. ಒಬ್ಬರು ಪದ್ಯದ ಕೊನೆಯ ಸಾಲನ್ನು ಕೊಟ್ಟು ಉಳಿದುದನ್ನು ಪೂರಯಿಸಲು ಹೇಳುತ್ತಾರೆ. ಇನ್ನೊಬ್ಬರು ಪ್ರತಿ ಅಕ್ಷರಕ್ಕೂ ನಿಷೇಧ ಹಾಕುತ್ತಾರೆ. ಇವರ ನಡುವೆ ಅಪ್ರಸ್ತುತ ಪ್ರಸಂಗಿ ಎಂಬ ಪೃಚ್ಛಕರಿಗೆ ಒಂದೇ ಕೆಲಸ: ಸಮಯ ಸಂದರ್ಭವಿಲ್ಲದೆ ಅಡ್ಡ ಮಾತನಾಡಿ ಅವಧಾನಿಯ ಏಕಾಗ್ರತೆಯನ್ನು ಕೆಡಿಸುವುದು. ಅವರನ್ನು ಸಭೆಯಿಂದ ಹೊರಗೆ ಕಳುಹಿಸಿ ಎಂದು ಯಾವ ಅವಧಾನಿಯೂ ಕೇಳುವುದಿಲ್ಲ. ನಗುನಗುತ್ತಲೇ ಉತ್ತರವಿತ್ತು, ಬಿಟ್ಟ ಅಕ್ಷರದಿಂದಲೇ ಪದ್ಯವನ್ನು ಮುಂದುವರಿಸುತ್ತಾರೆ.

ಪ್ರತಿ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆಯೂ ಒಬ್ಬ ಅಪ್ರಸ್ತುತ ಪ್ರಸಂಗಿ ಇದ್ದೇ ಇರುತ್ತಾನೆ. ಆದರೆ ಅವಧಾನಿಗೂ ವರ್ತಕನಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಅವಧಾನಿಯು ಲೇಖನಿ, ಕಾಗದಗಳನ್ನು ಮುಟ್ಟುವಂತಿಲ್ಲ. ವರ್ಷಗಳ ಸಾಧನೆಯಿಂದ ಎಲ್ಲವನ್ನೂ ಧಾರಣೆಯಲ್ಲಿ ಇಟ್ಟುಕೊಳ್ಳಬೇಕು. ವರ್ತಕನಿಗೆ ಅಂತಹ ನಿರ್ಬಂಧವಿಲ್ಲ. ಕಿವಿಯ ಮೇಲೆ ಪೆನ್ಸಿಲ್ ಇದೆ, ಮೇಜಿನ ಮೇಲೆ ಕಾಗದವಿದೆ. ಹೀಗಿದ್ದೂ ಅನೇಕರು ತಾವೇ ಅವಧಾನಿಗಳೆಂಬಂತೆ ಎಲ್ಲವನ್ನೂ ತಲೆಯಲ್ಲೇ ಹೊತ್ತುಕೊಂಡಿರುತ್ತಾರೆ. ತಪ್ಪುಗಳ ಮೂಲ ಬಹುಮಟ್ಟಿಗೆ ಇಲ್ಲಿದೆ.

ಮೂರು ಸೆಕೆಂಡಿನ ಬೆಲೆ

ಒಂದು ಸಣ್ಣ ಅಡಚಣೆಯಿಂದ ಏನು ಮಹಾ ನಷ್ಟವಾದೀತು ಎಂದು ಕೇಳುವವರಿದ್ದಾರೆ. ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಎರಿಕ್ ಆಲ್ಟ್‌ಮನ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಪ್ರಯೋಗವು ಇದಕ್ಕೆ ಉತ್ತರ ನೀಡುತ್ತದೆ. ನಿಗದಿತ ಕ್ರಮದಲ್ಲಿ ಒಂದರ ನಂತರ ಒಂದು ಹೆಜ್ಜೆಗಳನ್ನು ಪೂರೈಸಬೇಕಾದ ಗಣಕಯಂತ್ರದ ಕೆಲಸವನ್ನು ಅವರು ಕೊಟ್ಟರು. ನಡುನಡುವೆ ಒಂದೆರಡು ಅಕ್ಷರ ಒತ್ತುವ ಪುಟ್ಟ ಅಡಚಣೆಯನ್ನು ತಂದರು. ಸರಾಸರಿ 2.8 ಸೆಕೆಂಡುಗಳ ಅಡಚಣೆಯ ನಂತರ ಕ್ರಮ ತಪ್ಪುವ ದೋಷಗಳು ಇಮ್ಮಡಿಯಾದವು. ಅಡಚಣೆ 4.4 ಸೆಕೆಂಡುಗಳಾದಾಗ ಮುಮ್ಮಡಿಯಾದವು. ಅಂದರೆ, ‘ಬೀಗದ ಕೈ ಎಲ್ಲಿದೆ?’ ಎಂಬ ಪ್ರಶ್ನೆಗೆ ಉತ್ತರಿಸುವಷ್ಟು ಕಾಲ ಸಾಕು.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಅಡಚಣೆಯ ನಂತರ ಮನುಷ್ಯನು ಕೆಲಸವನ್ನೇ ಮರೆಯುವುದಿಲ್ಲ. ಕೆಲಸದ ಯಾವ ಹೆಜ್ಜೆಯಲ್ಲಿದ್ದೆ ಎಂಬುದನ್ನು ಮರೆಯುತ್ತಾನೆ. ಆರನೆಯ ಸರಕು ಬರೆದಾಯಿತೋ ಇಲ್ಲವೋ, ಈ ಕಂತೆಯ ನೋಟುಗಳನ್ನು ಎಣಿಸಿದ್ದಾಯಿತೋ, ಈ ಬೋಲ್ಟನ್ನು ಬಿಗಿ ಮಾಡಿದ್ದಾಯಿತೋ ಎಂಬ ಸಂದೇಹ ಉಳಿಯುತ್ತದೆ. ಕೆಲವೊಮ್ಮೆ ಸಂದೇಹವೂ ಉಳಿಯುವುದಿಲ್ಲ. ‘ಆಯಿತು’ ಎಂಬ ಸುಳ್ಳು ಭರವಸೆ ಮಾತ್ರ ಉಳಿಯುತ್ತದೆ. ಅದೇ ಹೆಚ್ಚು ಅಪಾಯಕಾರಿ.

ಮತ್ತೊಂದು ನಷ್ಟವು ಬಿಲ್ಲಿನಲ್ಲಿ ಕಾಣುವುದಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗ್ಲೋರಿಯಾ ಮಾರ್ಕ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಡಚಣೆಗೆ ಒಳಗಾದವರು ಕೆಲಸವನ್ನು ನಿಧಾನವಾಗಿ ಮಾಡಲಿಲ್ಲ. ಬದಲಾಗಿ ಬೇಗನೇ ಮುಗಿಸಿದರು. ಕಳೆದ ಸಮಯವನ್ನು ತುಂಬಿಕೊಳ್ಳಲು ಅವರು ವೇಗ ಹೆಚ್ಚಿಸಿದ್ದರು. ಅದಕ್ಕೆ ತೆತ್ತ ಬೆಲೆಯೆಂದರೆ ಹೆಚ್ಚಿದ ಒತ್ತಡ, ಬೇಸರ ಮತ್ತು ಅವಸರ. ರಾತ್ರಿ ಅಂಗಡಿ ಮುಚ್ಚುವಾಗ ‘ಏನೂ ಮಾಡಿಲ್ಲ, ಆದರೂ ದಣಿವು’ ಎನ್ನುವ ವರ್ತಕರ ಅನುಭವಕ್ಕೆ ಇದೂ ಒಂದು ಕಾರಣವಿರಬಹುದು.

ಬಿಟ್ಟಲ್ಲಿಗೆ ಗುರುತು

ಮೊದಲ ಪರಿಹಾರ ಅತ್ಯಂತ ಸರಳವಾದುದು. ಕೆಲಸವನ್ನು ಬಿಡುವ ಮುನ್ನ ಬಿಟ್ಟಲ್ಲಿ ಒಂದು ಗುರುತು ಹಾಕಬೇಕು. ನೋಟು ಎಣಿಸುವವನು ಎಣಿಸಿದ ಕಂತೆಯನ್ನು ಅಡ್ಡಲಾಗಿ ಇಡಬೇಕು. ಬಿಲ್ಲು ಬರೆಯುವವನು ಪಟ್ಟಿಯಲ್ಲಿ ಬರೆದು ಮುಗಿದ ಸರಕಿಗೆ ಗೆರೆ ಎಳೆಯಬೇಕು. ದಾಸ್ತಾನು ತಾಳೆ ನೋಡುವವನು ಎಣಿಸಿದ ಪೆಟ್ಟಿಗೆಗೆ ಸೀಮೆಸುಣ್ಣದ ಗುರುತು ಹಾಕಬೇಕು. ಲೇತ್ ಯಂತ್ರದ ಮುಂದಿರುವವನು ಡ್ರಾಯಿಂಗಿನ ಮೇಲೆ ಮುಗಿದ ಅಳತೆಗೆ ಸುತ್ತು ಹಾಕಬೇಕು. ಗ್ರಾಹಕನು ಕರೆದಾಗ, ‘ಕೂತಿರಿ, ಈ ಸಾಲು ಮುಗಿಸಿ ಬಂದೆ’ ಎಂದು ಹೇಳಿ, ಸಾಲನ್ನು ಮುಗಿಸಿ, ಗುರುತು ಹಾಕಿ, ನಂತರ ತಲೆ ಎತ್ತಬೇಕು. ಇದಕ್ಕೆ ಹಿಡಿಯುವುದು ಕೆಲವೇ ಸೆಕೆಂಡುಗಳು. ಮುಖ ನೋಡಿ ಮಾತನಾಡಿಸಿದ ಮೇಲೆ ಅಷ್ಟು ಹೊತ್ತು ಕಾಯಲಾರದ ಗ್ರಾಹಕರು ವಿರಳ. ತಲೆಯನ್ನೇ ಎತ್ತದಿದ್ದರೆ ಮಾತ್ರ ಅವರಿಗೆ ಅವಮಾನವೆನಿಸುತ್ತದೆ.

ಇದೇ ತತ್ತ್ವವು ದೊಡ್ಡ ಕೆಲಸಗಳಿಗೂ ಅನ್ವಯಿಸುತ್ತದೆ. ಮುಗಿಯದ ಕೆಲಸಗಳು ಮನಸ್ಸನ್ನು ಮತ್ತೆ ಮತ್ತೆ ಎಳೆಯುತ್ತವೆ ಎಂಬ ಅಂಶವನ್ನು ಬ್ಲೂಮಾ ಝೈಗಾರ್ನಿಕ್ ಎಂಬ ಮನಶ್ಶಾಸ್ತ್ರಜ್ಞೆ 1927ರಷ್ಟು ಹಿಂದೆಯೇ ಚರ್ಚೆಗೆ ತಂದರು. ಸಾಲ ವಸೂಲಿಗೆ ಕರೆ ಮಾಡಬೇಕು, ವಿಮೆಯ ಕಂತು ಕಟ್ಟಬೇಕು, ಯಂತ್ರದ ಬೆಲ್ಟು ಬದಲಿಸಬೇಕು ಎಂಬ ಚಿಂತೆಗಳು ಬಿಲ್ಲು ಬರೆಯುವ ಹೊತ್ತಿನಲ್ಲೇ ತಲೆಯೊಳಗೆ ಸುಳಿಯುತ್ತವೆ. ಮಸಿಕಾಂಪೋ ಮತ್ತು ಬೌಮೈಸ್ಟರ್ ಎಂಬ ಸಂಶೋಧಕರು 2011ರಲ್ಲಿ ಒಂದು ನೆಮ್ಮದಿಯ ಸಂಗತಿಯನ್ನು ತೋರಿಸಿದರು. ಇಂತಹ ಚಿಂತೆಗಳನ್ನು ಶಮನಗೊಳಿಸಲು ಕೆಲಸವನ್ನು ಆಗಲೇ ಮುಗಿಸಬೇಕಾಗಿಲ್ಲ. ಯಾವಾಗ, ಹೇಗೆ ಮಾಡುವುದೆಂಬ ಖಚಿತ ಯೋಜನೆಯನ್ನು ಹಾಕಿಕೊಂಡರೂ ಸಾಕು. ‘ವಸೂಲಿ ಕರೆಗಳು: ಮಧ್ಯಾಹ್ನ 3 ಗಂಟೆ, ನಾಲ್ಕು ಮಂದಿ’ ಎಂದು ಬರೆದಿಟ್ಟ ಚೀಟಿಯು ಬರೀ ನೆನಪಿನ ಓಲೆಯಲ್ಲ, ಬೆಳಗಿನ ಮನಸ್ಸನ್ನು ಆ ಭಾರದಿಂದ ಬಿಡಿಸುವ ಸಾಧನ.

ಮೌನದ ಹೊತ್ತು

ಇಡೀ ದಿನ ಏಕಾಗ್ರತೆಯಿಂದ ಇರುವುದು ಯಾರಿಂದಲೂ ಆಗದು. ಆ ಅಗತ್ಯವೂ ಇಲ್ಲ. ಯಾವ ಕೆಲಸದಲ್ಲಿ ತಪ್ಪಿದರೆ ತಿದ್ದಲು ದುಬಾರಿಯೋ ಆ ಕೆಲಸವನ್ನು ಮಾತ್ರ ಕಾಪಾಡಿಕೊಳ್ಳಬೇಕು. ಈ ಪಾಠವನ್ನು ವಿಮಾನಯಾನ ಕ್ಷೇತ್ರವು ಘೋರ ಬೆಲೆ ತೆತ್ತು ಕಲಿಯಿತು.

1974ರ ಸೆಪ್ಟೆಂಬರ್ 11ರಂದು ಅಮೆರಿಕದ ಷಾರ್ಲಟ್ ನಗರದ ಬಳಿ ಪ್ರಯಾಣಿಕರ ವಿಮಾನವೊಂದು ಇಳಿಯುವ ಹಂತದಲ್ಲಿ ನೆಲಕ್ಕಪ್ಪಳಿಸಿತು. 70ಕ್ಕೂ ಹೆಚ್ಚು ಮಂದಿ ಮೃತಪಟ್ಟರು. ವಿಮಾನದ ಧ್ವನಿಮುದ್ರಿಕೆಯನ್ನು ತನಿಖಾಧಿಕಾರಿಗಳು ಕೇಳಿದಾಗ, ಮಂಜು ಕವಿದಿದ್ದ ಆ ಹೊತ್ತಿನಲ್ಲಿ ಚಾಲಕರಿಬ್ಬರೂ ರಾಜಕೀಯ, ಹಳೆಯ ಕಾರುಗಳು ಮುಂತಾದ ವಿಷಯಗಳ ಹರಟೆಯಲ್ಲಿ ತೊಡಗಿದ್ದುದು ತಿಳಿದುಬಂತು. ಎತ್ತರವನ್ನು ಗಮನಿಸುವುದು ತಪ್ಪಿಹೋಗಿತ್ತು. ಇಂತಹ ಪ್ರಕರಣಗಳ ನಂತರ 1981ರಲ್ಲಿ ಅಮೆರಿಕದ ವಿಮಾನಯಾನ ಆಡಳಿತವು ನಿಯಮವೊಂದನ್ನು ಜಾರಿಗೆ ತಂದಿತು. ವಿಮಾನವು ನೆಲದ ಮೇಲೆ ಚಲಿಸುವಾಗ, ಏರುವಾಗ, ಇಳಿಯುವಾಗ ಹಾಗೂ 10,000 ಅಡಿಗಿಂತ ಕೆಳಗೆ ಹಾರುವಾಗ ಚಾಲಕರು ಕರ್ತವ್ಯಕ್ಕೆ ಸಂಬಂಧಿಸದ ಮಾತನ್ನು ಆಡುವಂತಿಲ್ಲ, ಅವರನ್ನು ಇತರ ಸಿಬ್ಬಂದಿಯೂ ಅನಗತ್ಯವಾಗಿ ಮಾತನಾಡಿಸುವಂತಿಲ್ಲ.

ಆ ನಿಯಮದ ವಿವೇಕವನ್ನು ಗಮನಿಸಬೇಕು. ಪ್ರಯಾಣವಿಡೀ ಬಾಯಿ ಮುಚ್ಚಿಕೊಂಡಿರಿ ಎಂದು ಅದು ಹೇಳಲಿಲ್ಲ. ಅಪಾಯದ ಹೊತ್ತು ಯಾವುದೆಂದು ಮೊದಲೇ ಗುರುತಿಸಿ, ಅಷ್ಟನ್ನು ಮಾತ್ರ ಬೇಲಿ ಹಾಕಿ ಕಾಯಿತು.

ಸಾಮಾನ್ಯ ಅಂಗಡಿಯಲ್ಲಿ ಇಂತಹ ಹೊತ್ತುಗಳು ನಾಲ್ಕೈದಕ್ಕಿಂತ ಹೆಚ್ಚಿಲ್ಲ: ದೊಡ್ಡ ಬಿಲ್ಲನ್ನು ಅಂತಿಮಗೊಳಿಸುವುದು, ಗಲ್ಲಾದ ನಗದನ್ನು ಎಣಿಸುವುದು, ಬ್ಯಾಂಕಿನ ಮೂಲಕ ಹಣ ರವಾನಿಸುವುದು, ಟೆಂಡರಿಗೆ ಅಥವಾ ದೊಡ್ಡ ಆದೇಶಕ್ಕೆ ದರ ಬರೆಯುವುದು, ತೆರಿಗೆಯ ವಿವರಪಟ್ಟಿ ಸಲ್ಲಿಸುವುದು. ಕಾರ್ಖಾನೆಯಲ್ಲಾದರೆ ಯಂತ್ರಕ್ಕೆ ಡೈ ಜೋಡಿಸಿ ಸೆಟ್ಟಿಂಗ್ ಮಾಡುವುದು, ಮೊದಲ ನಗವನ್ನು ಅಳೆದು ಒಪ್ಪುವುದು, ಬಣ್ಣ ಅಥವಾ ರಾಸಾಯನಿಕದ ಪ್ರಮಾಣ ಬೆರೆಸುವುದು. ಈ ಕೆಲಸಗಳು ನಡೆಯುವಾಗ ಕರೆಗಳನ್ನು ಇನ್ನೊಬ್ಬರು ಸ್ವೀಕರಿಸಬೇಕು. ಗ್ರಾಹಕರನ್ನು ಇನ್ನೊಬ್ಬರು ಮಾತನಾಡಿಸಬೇಕು. ಒಬ್ಬರೇ ಇರುವ ಅಂಗಡಿಯಲ್ಲಿ ಇಂತಹ ಕೆಲಸವನ್ನು ಬಾಗಿಲು ತೆರೆಯುವ ಮುನ್ನ ಅಥವಾ ಗಿರಾಕಿಗಳು ಕಡಿಮೆ ಇರುವ ಹೊತ್ತಿಗೆ ಇಟ್ಟುಕೊಳ್ಳಬೇಕು. ಸಂತೆಯ ದಿನ ಸಂಜೆ ಐದಕ್ಕೆ ವಿವರಪಟ್ಟಿ ಸಲ್ಲಿಸಲು ಕುಳಿತರೆ ಆಗುವ ತಪ್ಪಿಗೆ ಗ್ರಾಹಕರನ್ನು ದೂರುವಂತಿಲ್ಲ.

‘ಲಾಭ’ದಿಂದ ಆರಂಭವಾಗುವ ಎಣಿಕೆ

ಪದೇ ಪದೇ ಮಾಡುವ ಕೆಲಸದಲ್ಲಿ ಬೇರೊಂದು ಬಗೆಯ ಅಪಾಯವಿದೆ. ಕೈ ಕೆಲಸ ಮಾಡುತ್ತಿರುತ್ತದೆ, ಮನಸ್ಸು ಬೇರೆಲ್ಲೋ ಇರುತ್ತದೆ. ಇದಕ್ಕೆ ಜಪಾನಿನ ರೈಲ್ವೆಯು ಕಂಡುಕೊಂಡ ಉಪಾಯ ಪ್ರಸಿದ್ಧವಾಗಿದೆ. ಅಲ್ಲಿನ ಚಾಲಕನು ಸಿಗ್ನಲ್ ಕಂಡೊಡನೆ ಬೆರಳು ತೋರಿಸಿ, ಅದರ ಸ್ಥಿತಿಯನ್ನು ಗಟ್ಟಿಯಾಗಿ ಹೇಳುತ್ತಾನೆ. ನೋಡುವವರಿಗೆ ವಿಚಿತ್ರವೆನಿಸಬಹುದು. ಆದರೆ ಅಲ್ಲಿನ ರೈಲ್ವೆ ತಾಂತ್ರಿಕ ಸಂಶೋಧನಾ ಸಂಸ್ಥೆಯು 1994ರಲ್ಲಿ ನಡೆಸಿದ ಪರೀಕ್ಷೆಯಲ್ಲಿ, ಸುಮ್ಮನೆ ಕೆಲಸ ಮಾಡಿದಾಗ ನೂರಕ್ಕೆ 2.38ರಷ್ಟಿದ್ದ ತಪ್ಪುಗಳು, ಬೆರಳು ತೋರಿಸಿ ಕೂಗಿ ಹೇಳಿದಾಗ 0.38ಕ್ಕೆ ಇಳಿದವು. ಕಣ್ಣು, ಕೈ, ಬಾಯಿ, ಕಿವಿ ನಾಲ್ಕೂ ಒಂದೇ ವಸ್ತುವಿನ ಮೇಲೆ ನೆಟ್ಟಾಗ ಮನಸ್ಸಿಗೆ ಬೇರೆಡೆ ಹೋಗಲು ಅವಕಾಶ ಕಡಿಮೆ. ಭಾರತೀಯ ರೈಲ್ವೆಯಲ್ಲಿಯೂ ಲೋಕೋ ಪೈಲಟ್ ಮತ್ತು ಸಹಾಯಕ ಪೈಲಟ್ ಪ್ರತಿ ಸಿಗ್ನಲನ್ನೂ ಪರಸ್ಪರ ಕೂಗಿ ಹೇಳಿ ಖಚಿತಪಡಿಸಿಕೊಳ್ಳುತ್ತಾರೆ.

ಪೇಟೆಗಳಿಗೆ ಈ ವಿದ್ಯೆ ಹೊಸದೇನಲ್ಲ. ಕೊಳಗ, ಸೇರುಗಳಲ್ಲಿ ಧಾನ್ಯ ಅಳೆಯುತ್ತಿದ್ದ ಕಾಲದಲ್ಲಿ ಅಳೆಯುವವನು ‘ಒಂದು’ ಎನ್ನುವ ಬದಲು ‘ಲಾಭ’ ಎಂದು ಆರಂಭಿಸಿ, ಪ್ರತಿ ಅಳತೆಗೂ ಸಂಖ್ಯೆಯನ್ನು ರಾಗವಾಗಿ ಕೂಗುತ್ತಿದ್ದನು. ಆ ಕೂಗಿನಲ್ಲಿ ಶುಭಾಶಯವಿದ್ದಂತೆ ಲೆಕ್ಕದ ಭದ್ರತೆಯೂ ಇತ್ತು. ಕೊಡುವವನು, ಕೊಳ್ಳುವವನು, ಅಳೆಯುವವನು ಮೂವರೂ ಒಂದೇ ಸಂಖ್ಯೆಯನ್ನು ಕಿವಿಯಾರೆ ಕೇಳುತ್ತಿದ್ದರು. ವಿದ್ಯುನ್ಮಾನ ತಕ್ಕಡಿ ಬಂದ ಮೇಲೆ ಕೂಗು ನಿಂತಿತು. ಅದರ ಜೊತೆಗೆ ಆ ಭದ್ರತೆಯೂ ಹೋಯಿತು.

ಇಂದಿನ ವ್ಯವಹಾರದಲ್ಲಿ ಅದನ್ನು ಮರಳಿ ತರಬಹುದಾದ ಜಾಗಗಳು ಹಲವಿವೆ. ಬಿಲ್ಲು ಮುದ್ರಿಸುವ ಮುನ್ನ ಪರದೆಯ ಮೇಲೆ ಬೆರಳಿಟ್ಟು ಗ್ರಾಹಕರ ಪೂರ್ಣ ಹೆಸರನ್ನೂ ಜಿ.ಎಸ್.ಟಿ. ಸಂಖ್ಯೆಯ ಕೊನೆಯ ನಾಲ್ಕು ಅಂಕಾಕ್ಷರಗಳನ್ನೂ ಓದಿ ಹೇಳುವುದು ಒಂದು. ಬ್ಯಾಂಕ್ ರವಾನೆಯಲ್ಲಿ ಇದು ಇನ್ನೂ ಮುಖ್ಯ. ನೆಫ್ಟ್ ಮತ್ತು ಆರ್.ಟಿ.ಜಿ.ಎಸ್. ಪದ್ಧತಿಗಳಲ್ಲಿ ಹಣವು ಜಮೆಯಾಗುವುದು ಖಾತೆ ಸಂಖ್ಯೆಯ ಆಧಾರದ ಮೇಲೆಯೇ ಹೊರತು ಹೆಸರಿನ ಮೇಲಲ್ಲ. ರಿಸರ್ವ್ ಬ್ಯಾಂಕಿನ ಸೂಚನೆಯಂತೆ 2025ರ ಏಪ್ರಿಲ್‌ನಿಂದ, ಹಣ ಕಳುಹಿಸುವ ಮುನ್ನ ಆ ಖಾತೆ ಯಾರ ಹೆಸರಿನಲ್ಲಿದೆ ಎಂದು ನೋಡುವ ಸೌಲಭ್ಯವನ್ನು ಬ್ಯಾಂಕುಗಳು ಒದಗಿಸಬೇಕಾಗಿದೆ. ಪರದೆಯ ಮೇಲೆ ಬರುವ ಆ ಹೆಸರನ್ನು ಕಣ್ಣಾಡಿಸಿ ಬಿಡದೆ, ಗಟ್ಟಿಯಾಗಿ ಓದಿ, ಕೈಯಲ್ಲಿರುವ ಬಿಲ್ಲಿನ ಹೆಸರಿನೊಂದಿಗೆ ತಾಳೆ ನೋಡಿದರೆ ಲಕ್ಷಾಂತರ ರೂಪಾಯಿಗಳ ಅನಾಹುತವನ್ನು ತಪ್ಪಿಸಬಹುದು.

ಎಚ್ಚರವನ್ನೇ ನಂಬದಿರುವುದು

ಸಣ್ಣ ಕಾರ್ಖಾನೆಗಳಲ್ಲಿ ತಯಾರಾದ ಸರಕನ್ನು ಪರಿಶೀಲಿಸಲು ಒಬ್ಬರನ್ನು ಕೂರಿಸಿ, ‘ಎಚ್ಚರದಿಂದ ನೋಡು’ ಎಂದು ಹೇಳುವುದು ವಾಡಿಕೆ. ಬೆಳಗಿನಿಂದ ಸಂಜೆಯವರೆಗೆ ಸಾವಿರಾರು ನಗಗಳನ್ನು ನೋಡುವ ಆ ಕೆಲಸಗಾರನಿಂದ ಒಂದೆರಡು ದೋಷಗಳು ತಪ್ಪಿಸಿಕೊಂಡರೆ ಬೈಗುಳವೂ ಸಿಗುತ್ತದೆ. ಆದರೆ ಮನುಷ್ಯನ ಎಚ್ಚರಕ್ಕೆ ಮಿತಿಯಿದೆ ಎಂಬುದನ್ನು ಕೇಂಬ್ರಿಜ್‌ನ ನಾರ್ಮನ್ ಮ್ಯಾಕ್‌ವರ್ತ್ 1948ರಲ್ಲಿಯೇ ಪ್ರಕಟಿಸಿದ್ದಾರೆ. ಯುದ್ಧಕಾಲದ ರಡಾರ್ ವೀಕ್ಷಕರು ಸಂಕೇತಗಳನ್ನು ಏಕೆ ಗಮನಿಸದೆ ಬಿಡುತ್ತಾರೆ ಎಂಬ ಪ್ರಶ್ನೆಯಿಂದ ಹೊರಟ ಅವರು, ಗಡಿಯಾರದಂತಹ ಮುಖದ ಮೇಲೆ ಹೆಜ್ಜೆ ಹೆಜ್ಜೆಯಾಗಿ ಚಲಿಸುವ ಮುಳ್ಳನ್ನು ನೋಡಲು ಜನರನ್ನು ಕೂರಿಸಿದರು. ಮುಳ್ಳು ಅಪರೂಪಕ್ಕೊಮ್ಮೆ ಎರಡು ಹೆಜ್ಜೆ ಹಾರಿದಾಗ ಅವರು ಗುಂಡಿ ಒತ್ತಬೇಕಿತ್ತು. ಮೊದಲ ಅರ್ಧ ಗಂಟೆಯಲ್ಲೇ ಅವರ ನಿಖರತೆ ಗಣನೀಯವಾಗಿ ಕುಸಿಯಿತು.

ಆದ್ದರಿಂದ ಪರಿಶೀಲನೆಯ ಕೆಲಸದಲ್ಲಿ ಅರ್ಧ ಗಂಟೆಗೊಮ್ಮೆ ಆಳು ಬದಲಿಸುವುದು ಔದಾರ್ಯವಲ್ಲ, ಲೆಕ್ಕಾಚಾರ. ಇಬ್ಬರು ಕೆಲಸಗಾರರು ಪ್ಯಾಕಿಂಗ್ ಮತ್ತು ಪರಿಶೀಲನೆಯನ್ನು ಸರದಿಯಂತೆ ಮಾಡಿದರೆ ಕೂಲಿ ಹೆಚ್ಚುವುದಿಲ್ಲ. ಮರಳಿ ಬರುವ ಸರಕು ಕಡಿಮೆಯಾಗುತ್ತದೆ.

ಇದಕ್ಕಿಂತಲೂ ಒಂದು ಹೆಜ್ಜೆ ಮುಂದೆ ಹೋಗಿ, ಎಚ್ಚರದ ಅಗತ್ಯವೇ ಬೀಳದಂತೆ ಕೆಲಸವನ್ನು ರೂಪಿಸುವುದು ಜಾಣತನ. ಜಪಾನಿನ ಸಕಿಚಿ ಟೊಯೊಡಾ ಅವರು ರೂಪಿಸಿದ ಮಗ್ಗಗಳು ನೂಲು ಕಡಿದೊಡನೆ ತಾವೇ ನಿಲ್ಲುತ್ತಿದ್ದವು. ನೂಲು ಕಡಿದೀತೇ ಎಂದು ಕಣ್ಣಿಟ್ಟು ಕಾಯುವ ಕೆಲಸ ತಪ್ಪಿದ್ದರಿಂದ ಒಬ್ಬನೇ ಹಲವು ಮಗ್ಗಗಳನ್ನು ನೋಡಿಕೊಳ್ಳುವುದು ಸಾಧ್ಯವಾಯಿತು. ಅದೇ ದೇಶದ ಶಿಗೆಒ ಶಿಂಗೊ ಎಂಬ ತಂತ್ರಜ್ಞರು 1961ರಲ್ಲಿ ವಿದ್ಯುತ್ ಉಪಕರಣಗಳ ಕಾರ್ಖಾನೆಯೊಂದಕ್ಕೆ ಹೋದಾಗ ಕಂಡದ್ದು ಇನ್ನೂ ಸರಳವಾದ ಸಮಸ್ಯೆ. ಒಂದು ಸ್ವಿಚ್ಚಿಗೆ ಎರಡು ಸ್ಪ್ರಿಂಗುಗಳನ್ನು ಕೂರಿಸಬೇಕಿತ್ತು. ಕೆಲಸಗಾರರು ಆಗಾಗ ಒಂದನ್ನು ಮರೆಯುತ್ತಿದ್ದರು. ಎಷ್ಟು ಎಚ್ಚರಿಸಿದರೂ ಫಲವಿರಲಿಲ್ಲ. ಶಿಂಗೊ ಅವರು ಪ್ರತಿ ಸ್ವಿಚ್ಚಿಗೆ ಮುನ್ನ ಎರಡು ಸ್ಪ್ರಿಂಗುಗಳನ್ನು ಎತ್ತಿ ಪುಟ್ಟ ತಟ್ಟೆಯಲ್ಲಿ ಇಟ್ಟುಕೊಳ್ಳುವಂತೆ ಏರ್ಪಡಿಸಿದರು. ಜೋಡಣೆ ಮುಗಿದಾಗ ತಟ್ಟೆಯಲ್ಲಿ ಸ್ಪ್ರಿಂಗ್ ಉಳಿದಿದ್ದರೆ ತಪ್ಪು ಕೂಡಲೇ ಕಣ್ಣಿಗೆ ಬೀಳುತ್ತದೆ. ಒಂದು ತಟ್ಟೆಯ ಬೆಲೆಯಲ್ಲಿ ಸಮಸ್ಯೆ ಬಗೆಹರಿಯಿತು.

ನಟ್ಟು, ವಾಷರು, ಗುಂಡಿ, ಕೊಂಡಿಗಳನ್ನು ಜೋಡಿಸುವ ಯಾವುದೇ ಸಣ್ಣ ಘಟಕದಲ್ಲಿ ಈ ತಟ್ಟೆಯ ಉಪಾಯವನ್ನು ನಾಳೆಯೇ ಬಳಸಬಹುದು. ಆದರೆ ಪವರ್ ಪ್ರೆಸ್ಸಿನಂತಹ ಯಂತ್ರಗಳ ವಿಷಯದಲ್ಲಿ ಇದು ಬರೀ ರಿಜೆಕ್ಷನ್ನಿನ ಪ್ರಶ್ನೆಯಲ್ಲ, ಬೆರಳುಗಳ ಪ್ರಶ್ನೆ. ಎರಡೂ ಕೈಗಳಿಂದ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಮಾತ್ರ ಪ್ರೆಸ್ ಇಳಿಯುವಂತಹ ವ್ಯವಸ್ಥೆಯು ಕೆಲಸಗಾರನ ಗಮನ ತಪ್ಪಿದ ಕ್ಷಣದಲ್ಲಿಯೂ ಅವನ ಕೈಯನ್ನು ಕಾಪಾಡುತ್ತದೆ. ಉತ್ಪಾದನೆ ಹೆಚ್ಚಲೆಂದು ಒಂದು ಗುಂಡಿಯನ್ನು ಕಟ್ಟಿಹಾಕಿ ಕೆಲಸ ನಡೆಸುವವರು, ಕೆಲಸಗಾರನು ದಿನವಿಡೀ ಒಂದು ಕ್ಷಣವೂ ಮೈಮರೆಯುವುದಿಲ್ಲವೆಂದು ಪಣ ತೊಟ್ಟಂತೆ. ಅಂತಹ ಮನುಷ್ಯ ಎಲ್ಲಿಯೂ ಇಲ್ಲ.

ಮಾಲೀಕನೇ ಅಪ್ರಸ್ತುತ ಪ್ರಸಂಗಿಯಾದಾಗ

ಏಕಾಗ್ರತೆಯ ಬಗ್ಗೆ ಕೆಲಸಗಾರರಿಗೆ ಬುದ್ಧಿ ಹೇಳುವ ಮುನ್ನ ಮಾಲೀಕರು ತಮ್ಮನ್ನು ತಾವೇ ಒಮ್ಮೆ ನೋಡಿಕೊಳ್ಳುವುದು ಒಳಿತು. ಬಿಲ್ಲು ಬರೆಯುತ್ತಿರುವ ಗುಮಾಸ್ತನನ್ನು ‘ಸ್ವಲ್ಪ ಆ ಫೈಲು ತಾ’ ಎಂದು ಕರೆಯುವವರು ಅವರೇ. ಡ್ರಿಲ್ಲಿಂಗ್ ಯಂತ್ರದ ಮುಂದೆ ನಿಂತವನಿಗೆ ಹಿಂದಿನಿಂದ ಕೂಗಿ ಇನ್ನೊಂದು ಕೆಲಸ ಹೇಳುವವರೂ ಅವರೇ. ನಗದು ಎಣಿಸುವವನಿಗೆ ‘ನಿನ್ನೆಯ ಬಾಕಿ ಎಷ್ಟು?’ ಎಂದು ಕೇಳುವವರೂ ಅವರೇ. ಗ್ರಾಹಕನಿಗೆ ‘ಒಂದು ನಿಮಿಷ ತಾಳಿ’ ಎನ್ನಬಹುದು. ಮಾಲೀಕನಿಗೆ ಹಾಗೆನ್ನಲು ಕೆಲಸಗಾರನಿಗೆ ಧೈರ್ಯವಿರುವುದಿಲ್ಲ. ಹೀಗಾಗಿ ಕಾರ್ಖಾನೆಯಲ್ಲಿ ತಡೆಯಲಾರದ ಅಡಚಣೆಯೆಂದರೆ ಬಹುಶಃ ಇದೊಂದೇ.

‘ಕೈಯಲ್ಲಿರುವುದನ್ನು ಮುಗಿಸಿ ಬಾ’ ಎಂಬ ಮೂರು ಪದಗಳನ್ನು ಪ್ರತಿ ಕರೆಯ ಜೊತೆಗೆ ಸೇರಿಸುವ ಅಭ್ಯಾಸ ಮಾಡಿಕೊಂಡರೆ ಅರ್ಧ ಸಮಸ್ಯೆ ತೀರುತ್ತದೆ. ತುರ್ತಲ್ಲದ ವಿಷಯಗಳನ್ನು ಚೀಟಿಯಲ್ಲಿ ಬರೆದಿಟ್ಟು, ಬೆಳಗಿನ ಚಹಾದ ಹೊತ್ತಿಗೂ ಮಧ್ಯಾಹ್ನದ ಊಟದ ನಂತರವೂ ಒಟ್ಟಿಗೆ ಹೇಳಿದರೆ ಇನ್ನರ್ಧ ತೀರುತ್ತದೆ. ಯಂತ್ರ ಚಾಲನೆಯಲ್ಲಿರುವಾಗ ಮಾಲೀಕರೂ ಸೇರಿದಂತೆ ಯಾರೂ ಹಿಂದಿನಿಂದ ಕೂಗಬಾರದು ಎಂಬ ನಿಯಮವನ್ನು ಗೋಡೆಯ ಮೇಲೆ ಬರೆಸುವುದಕ್ಕೆ ಖರ್ಚಿಲ್ಲ. ಅದನ್ನು ಮಾಲೀಕರೇ ಪಾಲಿಸುವುದಕ್ಕೆ ಮಾತ್ರ ಸಂಯಮ ಬೇಕು.

ನಿದ್ರೆಯ ಖಾತೆ

ಮೇಲಿನ ಎಲ್ಲ ಏರ್ಪಾಡುಗಳೂ ಎಚ್ಚರವಾಗಿರುವ ಮನುಷ್ಯನಿಗೆ ಮಾತ್ರ ಫಲ ಕೊಡುತ್ತವೆ. ಹಬ್ಬದ ದಿನಗಳಲ್ಲಿ, ಮದುವೆಯ ಹಂಗಾಮಿನಲ್ಲಿ, ಮಾರ್ಚ್ ತಿಂಗಳ ಲೆಕ್ಕದ ಅವಸರದಲ್ಲಿ ನಿದ್ರೆಯನ್ನು ಕಡಿತಗೊಳಿಸುವುದು ವ್ಯಾಪಾರಸ್ಥರಲ್ಲಿ ಸಾಮಾನ್ಯ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಎರಡು ವಾರ ಪ್ರತಿರಾತ್ರಿ ಆರು ಗಂಟೆ ಅಥವಾ ಅದಕ್ಕೂ ಕಡಿಮೆ ನಿದ್ರೆಯ ಅವಕಾಶವಿದ್ದವರ ಗಮನಶಕ್ತಿಯು, ಒಂದೆರಡು ರಾತ್ರಿ ಪೂರ್ತಿ ನಿದ್ರೆಗೆಟ್ಟವರ ಮಟ್ಟಕ್ಕೆ ಇಳಿದಿತ್ತು. ಅದಕ್ಕಿಂತಲೂ ಯೋಚಿಸಬೇಕಾದ ಅಂಶವೆಂದರೆ, ತಮ್ಮ ಸಾಮರ್ಥ್ಯ ದಿನದಿಂದ ದಿನಕ್ಕೆ ಕುಸಿಯುತ್ತಿರುವುದು ಅವರಲ್ಲಿ ಹೆಚ್ಚಿನವರಿಗೆ ಅರಿವಿಗೆ ಬಂದಿರಲಿಲ್ಲ. ‘ನನಗೆ ಐದು ಗಂಟೆ ನಿದ್ರೆ ಸಾಕು’ ಎನ್ನುವ ವರ್ತಕರು ಈ ಮಾತನ್ನು ನೆನಪಿಡಬೇಕು. ಹಂಗಾಮಿನಲ್ಲಿ ರಾತ್ರಿ ಹನ್ನೆರಡರವರೆಗೆ ಎಣಿಸಿದ ನಗದನ್ನು ಬೆಳಿಗ್ಗೆ ಇನ್ನೊಬ್ಬರು ಮರಳಿ ಎಣಿಸುವುದು ಅಪನಂಬಿಕೆಯ ಗುರುತಲ್ಲ. ದಣಿದ ದೇಹಕ್ಕೆ ಕೊಡುವ ಮರ್ಯಾದೆ.

ಒಂದು ವಾರದ ಕಿರ್ದಿ

ಯಾವುದೇ ಸುಧಾರಣೆಗೂ ಮುನ್ನ ಲೆಕ್ಕ ಬೇಕು ಎಂಬುದನ್ನು ವರ್ತಕರಿಗೆ ಹೇಳಬೇಕಾಗಿಲ್ಲ. ಒಂದು ವಾರ ಕಾಲ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಪುಟ್ಟ ನೋಟು ಪುಸ್ತಕವೊಂದನ್ನು ಇಡಬಹುದು. ಆದ ಪ್ರತಿ ತಪ್ಪನ್ನೂ, ಅದರ ಹಿಂದಿನ ಕ್ಷಣದಲ್ಲಿ ಏನು ನಡೆದಿತ್ತು ಎಂಬುದನ್ನೂ ಒಂದೊಂದು ಸಾಲಿನಲ್ಲಿ ಬರೆಯಬೇಕು. ‘ಚಿಲ್ಲರೆ ₹200 ಹೆಚ್ಚು ಕೊಟ್ಟದ್ದು: ಕರೆಯಲ್ಲಿ ಮಾತನಾಡುತ್ತಿದ್ದಾಗ’, ‘8 ಮಿಲಿಮೀಟರ್ ಬದಲು 10ರ ಡ್ರಿಲ್: ಹೊಸ ಆದೇಶದ ವಿಷಯ ಕೇಳಲು ಕರೆದಾಗ’ ಎಂಬಂತೆ. ಬೈಯುವುದಕ್ಕಾಗಿ ಈ ಪುಸ್ತಕವಲ್ಲ ಎಂಬುದನ್ನು ಮೊದಲೇ ಸ್ಪಷ್ಟಪಡಿಸಬೇಕು; ಇಲ್ಲವಾದರೆ ಕೆಲಸಗಾರರು ತಪ್ಪುಗಳನ್ನು ಮುಚ್ಚಿಡುತ್ತಾರೆ. ಮಾಲೀಕರು ತಮ್ಮ ತಪ್ಪನ್ನೇ ಮೊದಲ ಸಾಲಾಗಿ ಬರೆದರೆ ಉಳಿದವರಿಗೆ ಧೈರ್ಯ ಬರುತ್ತದೆ.

ವಾರಾಂತ್ಯದಲ್ಲಿ ಆ ಪುಟಗಳನ್ನು ತಿರುವಿದಾಗ ತಪ್ಪುಗಳು ಎಲ್ಲೆಡೆ ಹರಡಿವೆಯೋ, ಎರಡು ಮೂರು ಜಾಗಗಳಲ್ಲಿ ಗುಂಪುಗೂಡಿವೆಯೋ ಎಂಬುದು ಗೋಚರಿಸುತ್ತದೆ. ಹೆಚ್ಚು ನಷ್ಟ ತಂದ ಒಂದು ಜಾಗವನ್ನು ಆರಿಸಿಕೊಂಡು, ಗುರುತು ಹಾಕುವುದೋ, ಮೌನದ ಹೊತ್ತೋ, ಕೂಗಿ ಹೇಳುವುದೋ, ತಟ್ಟೆಯ ಉಪಾಯವೋ, ಅದಕ್ಕೆ ಒಪ್ಪುವ ಒಂದೇ ಪರಿಹಾರವನ್ನು ಒಂದು ತಿಂಗಳು ನಡೆಸಿ ನೋಡಬೇಕು. ಎಲ್ಲವನ್ನೂ ಒಟ್ಟಿಗೆ ಜಾರಿಗೆ ತರಲು ಹೊರಟರೆ ಯಾವುದೂ ಉಳಿಯುವುದಿಲ್ಲ.

ಏಕಾಗ್ರತೆಯು ಕೆಲವರಿಗೆ ಹುಟ್ಟಿನಿಂದ ಬಂದ ಗುಣವೆಂದೂ ಉಳಿದವರಿಗೆ ಅದು ಇಲ್ಲವೆಂದೂ ಭಾವಿಸುವುದು ಸುಲಭ. ಹಾಗೆ ಭಾವಿಸಿದರೆ ತಪ್ಪು ಮಾಡಿದವನನ್ನು ಬೈದು ಸುಮ್ಮನಾಗಬಹುದು. ಮರುದಿನ ಅದೇ ತಪ್ಪು ಮತ್ತೆ ನಡೆಯುತ್ತದೆ. ಒಳ್ಳೆಯ ಅಂಗಡಿಯಲ್ಲಿ ಗಲ್ಲಾಕ್ಕೆ ಬೀಗವಿರುವುದು ಎಲ್ಲರೂ ಕಳ್ಳರೆಂಬ ಕಾರಣಕ್ಕಲ್ಲ. ಹಾಗೆಯೇ ಗಮನಕ್ಕೆ ಬೇಲಿ ಹಾಕುವುದು ಎಲ್ಲರೂ ಅಜಾಗರೂಕರೆಂಬ ಕಾರಣಕ್ಕಲ್ಲ. ಬೆಲೆಯುಳ್ಳ ವಸ್ತುವನ್ನು ಕಾಯುವುದು ವ್ಯಾಪಾರಧರ್ಮವೆಂಬ ಕಾರಣಕ್ಕೆ. ನಾಳೆ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆದಾಗ ಗ್ರಾಹಕರು, ಕರೆಗಳು, ಲಾರಿಗಳು ಎಂದಿನಂತೆ ಬಂದೇ ಬರುತ್ತವೆ. ಬರಲಿ. ಬರೆಯುತ್ತಿರುವ ಸಾಲು ಮುಗಿದು, ಅದರ ಮುಂದೆ ಪೆನ್ಸಿಲಿನ ಒಂದು ಗುರುತು ಬಿದ್ದಿದ್ದರೆ ಸಾಕು.